ಒಂದರಿಂದಲೋ ಸೊನ್ನೆಯಿಂದಲೋ

ಎಣಿಕೆಯಣ್ಣ ಅವತ್ತು ಬೆಳಿಗ್ಗೆ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಹೋಗದಿದ್ದರೆ ಆ ದಿನ ಉಳಿದ ದಿನಗಳ ಹಾಗೇ ಕಳೆದುಹೋಗುತ್ತಿತ್ತು. ಮರೆತದ್ದಕ್ಕೂ ಕಾರಣ ಇತ್ತು ಅನ್ನಿ. ಇಪ್ಪತ್ತೆರಡು ವರ್ಷ ಲಾಂಡ್ರಿಯ ಕೆಳಗಿನ ಇಸ್ತ್ರಿ ಕೋಣೆಯಲ್ಲಿ ಹಬೆ ಕುಡಿದ ಮನುಷ್ಯ ಅವತ್ತು ಮೊದಲ ಸಲ ಮೇಲಿನ ಕೋಣೆಯ ಕುರ್ಚಿಯಲ್ಲಿ ಕೂರುವವನಿದ್ದ. ಅಲ್ಲಿ ಕಿಟಕಿ ಇತ್ತು, ಫ್ಯಾನ್ ಇತ್ತು. ಕುರ್ಚಿಗೆ ಚಕ್ರ ಬೇರೆ ಇತ್ತು.

ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಏರುವ ಮೆಟ್ಟಿಲು ಎಣಿಸುತ್ತಿದ್ದ, ಹಾಕುವ ಗುಂಡಿ ಎಣಿಸುತ್ತಿದ್ದ, ಹೆಂಡತಿ ಬೈಯುವಾಗ ಎಷ್ಟು ಮಾತಾಯಿತು ಅಂತ ಅದನ್ನೂ ಎಣಿಸುತ್ತಿದ್ದ. ಹಾಗಾಗಿ ಊರೆಲ್ಲ ಅವನನ್ನು ಎಣಿಕೆಯಣ್ಣ ಅಂತಲೇ ಕರೆಯುತ್ತಿತ್ತು. ಈಚೆಗೆ ಅವನ ಎದೆಯಲ್ಲಿ ಉಸಿರು ಹಳೇ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತ್ತು. ಡಾಕ್ಟರು, "ಹಬೆ ಬಿಡು, ಇಲ್ಲ ನನ್ನನ್ನ ಬಿಡು" ಅಂದಿದ್ದರು. ಅದಕ್ಕೇ ಆ ಕುರ್ಚಿಯ ಮೇಲೆ ಅಷ್ಟು ಆಸೆ.

ಕುರ್ಚಿಯ ಕೆಲಸ ಇಷ್ಟು. ಲಾಂಡ್ರಿಗೆ ಬರುವ ಪ್ರತಿ ಗಂಟಿಗೂ ಲೆಕ್ಕ ಬರೆಯುವ ದೊಡ್ಡಕ್ಕ ಕಂಪ್ಯೂಟರಿನಲ್ಲಿ ಒಂದು ಉದ್ದನೆಯ ಸಾಲು ಟೈಪ್ ಮಾಡುತ್ತಿದ್ದರು. ಮೊದಲು ಮನೆ ನಂಬರು, ಅದಕ್ಕೆ ಅಂಟಿಕೊಂಡು ತಾರೀಖು, ಆಮೇಲೆ ಬಟ್ಟೆ ಎಷ್ಟು, ಗಂಜಿ ಬೇಕೋ ಬೇಡವೋ, ಎಲ್ಲ ಒಂದೇ ಉಸಿರಿನಲ್ಲಿ. ಬಡಾವಣೆಯಲ್ಲಿ ನಾನೂರು ಮನೆ, ಹಾಗಾಗಿ ಮನೆ ನಂಬರಿಗೆ ಮೂರು ಅಂಕಿ. ಐದನೇ ಮನೆಯಾದರೆ 005. ಗಂಟಿಗೆ ಅಂಟಿಸುವ ಚೀಟಿಗೆ ಬೇಕಾದದ್ದು ಆ ಮೂರು ಅಂಕಿ ಮಾತ್ರ. ಇಷ್ಟು ದಿನ ಅದನ್ನು ನೋಡಿ ನೋಡಿ ಕೈಯಲ್ಲಿ ಬರೆಯುತ್ತಿದ್ದರು. ಎಣಿಕೆಯಣ್ಣ ಎಲ್ಲಿಂದಲೋ ಒಂದು ತೆಳ್ಳನೆಯ ಪುಸ್ತಕ ಸಂಪಾದಿಸಿ, ಮೂರು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಕೂತು, ಕಂಪ್ಯೂಟರಿಗೆ ಹೇಳುವ ಒಂದು ಪುಟ್ಟ ಸ್ಕ್ರಿಪ್ಟ್ ಬರೆದಿದ್ದ. ಬಟ್ಟೆ ಅಂಗಡಿಯವನು ಥಾನಿನಿಂದ ತುಂಡು ಕತ್ತರಿಸುವ ಹಾಗೆ, ಸಾಲನ್ನು ಇಂಥ ಕಡೆಯಿಂದ ಹಿಡಿ, ಇಷ್ಟು ಅಕ್ಷರ ಕತ್ತರಿಸು, ಉಳಿದದ್ದು ಬಿಡು ಅನ್ನುವ ಅಪ್ಪಣೆ. ಮನೆ ನಂಬರು ಸಾಲಿನ ಮೊದಲಲ್ಲೇ ಇದೆಯಲ್ಲ, ಅದಕ್ಕೇ ಅವನು 'ಒಂದರಿಂದ ಹಿಡಿದು ಮೂರು' ಅಂತ ಬರೆದ. ಎಣಿಸುವ ಯಾವ ಮನುಷ್ಯನೂ ಹಾಗೇ ಬರೆಯುತ್ತಾನೆ.

ಲಾಂಡ್ರಿಯ ಯಜಮಾನರು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತು ಹೇಳಿದ್ದರು.

"ನೋಡಯ್ಯ, ಇವತ್ತೊಂದಿನ ಪರೀಕ್ಷೆ. ಮೂರು ಸರದಿ ಗಂಟು ಹೋಗುತ್ತೆ. ಮೂರೂ ನೆಟ್ಟಗೆ ತಲುಪಿದರೆ ಕುರ್ಚಿ ನಿಂದು. ಸಾಯಂಕಾಲ ಐದಕ್ಕೆ ವರ್ತಕರ ಸಂಘದ ಅಧ್ಯಕ್ಷಗಿರಿ ವಹಿಸ್ಕೋತಾ ಇದೀನಿ, ಗೊತ್ತಲ್ಲ. ನನ್ನ ಕರೀ ಕೋಟೂ ಆ ಗಂಟುಗಳಲ್ಲೇ ಇದೆ."

"ಅದನ್ನ ನಾನೇ ಕೈಯಲ್ಲಿ ತಂದುಕೊಡ್ತೀನಿ ಯಜಮಾನ್ರೇ."

"ಬೇಡ. ಎಲ್ಲರ ಬಟ್ಟೆ ಹೇಗೆ ಬರುತ್ತೋ ನಂದೂ ಹಾಗೇ ಬರಲಿ. ಮಿಷನ್ ಚೀಟಿ ಅಂಟಿಸ್ಕೊಂಡು ನಮ್ಮ ಐದನೇ ಮನೆ ಬಾಗಿಲಿಗೆ ಬರಬೇಕು. ಅದೇ ಪರೀಕ್ಷೆ."

ಈ ಅಧ್ಯಕ್ಷಗಿರಿಯ ವಿಷಯ ಸ್ವಲ್ಪ ಹೇಳಬೇಕು. ಯಜಮಾನರು ಗೆದ್ದದ್ದು ಒಂದೇ ಒಂದು ಮತದಿಂದ. ಸೋತವರು ಕೊಡೆ ಅಂಗಡಿಯವರು. ಮತ ಇನ್ನೊಮ್ಮೆ ಎಣಿಸಬೇಕು ಅಂತ ಅವರು ಅರ್ಜಿ ಕೊಟ್ಟು ಕೂತಿದ್ದರು. ಇಬ್ಬರೂ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿ ನೋಡುತ್ತಿದ್ದರು.

ಒಂಬತ್ತಕ್ಕೆ ಮೊದಲ ಸರದಿ. ಎಣಿಕೆಯಣ್ಣ ಮೇಲಿನ ಕೋಣೆಯಲ್ಲಿ ಗುಂಡಿ ಒತ್ತಿದ. ಕೆಳಗೆ ಗಂಟು ಕಟ್ಟುವ ಕೋಣೆಯಲ್ಲಿ ಚೀಟಿಗಳು ಸರಸರ ಬಂದವು. ಅಲ್ಲಿನ ಹೆಂಗಸರು ಸಾಲಾಗಿ ಅಂಟಿಸಿದರು. ಗಾಡಿಯಜ್ಜ ತನ್ನ ಮೂರು ಗಾಲಿಯ ತಳ್ಳುಗಾಡಿ ತುಂಬಿಕೊಂಡು ಹೋದವನು ಹತ್ತೂವರೆಗೆ ಖಾಲಿ ಗಾಡಿ ತಂದ.

"ಒಂದೂ ತಪ್ಪಿಲ್ಲ ಮಗಾ. ಅರವತ್ತು ಗಂಟು, ಅರವತ್ತು ಮನೆ. ಕೈಬರಹ ಓದಿ ಓದಿ ನನ್ನ ಕಣ್ಣು ಹೋಗಿತ್ತು. ಇದು ಚೆನ್ನಾಗಿದೆ."

ಎಣಿಕೆಯಣ್ಣ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದ. ಚಕ್ರ ಕಿರ್ ಅಂದಿತು. ಅವನ ಎದೆ ಮಾತ್ರ ಅವತ್ತು ಕಿರ್ ಅನ್ನಲಿಲ್ಲ.

ಆಗ ಬಂದ ಭಾವಮೈದುನ, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು.

ಭಾವಮೈದುನ ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಕೆಟ್ಟದ್ದನ್ನು ಸರಿಮಾಡುವುದು ಅವನ ಉದ್ಯೋಗ. ಸರಿ ಇದ್ದದ್ದನ್ನು ನೋಡಿದರೆ ಅವನಿಗೆ ಕೈ ಕಡಿಯುತ್ತಿತ್ತು. ಡಬ್ಬಿ ಮೇಜಿನ ಮೇಲಿಟ್ಟು, ಪರದೆಯ ಕಡೆ ಬಗ್ಗಿ, ಡಾಕ್ಟರು ನಾಲಗೆ ನೋಡುವ ಹಾಗೆ ನೋಡಿದ.

"ಏನು ಭಾವ ಇದು? ಒಂದರಿಂದ ಅಂತ ಬರೆದಿದೀರ."

"ಹೌದು. ಮೊದಲನೇದು ಒಂದಲ್ವಾ?"

"ನಿಮಗೆ ಒಂದು. ಈ ಕಂಪ್ಯೂಟರ್ ಭಾಷೆಗೆ ಮೊದಲನೇದು ಸೊನ್ನೆ. ಸೊನ್ನೆ, ಒಂದು, ಎರಡು ಅಂತ ಎಣಿಸುತ್ತೆ ಅದು. ನೀವು ಒಂದು ಅಂದ್ರೆ ಎರಡನೇ ಅಕ್ಷರದಿಂದ ಕತ್ತರಿಸುತ್ತೆ. ಪುಸ್ತಕದ ಮೊದಲ ಪುಟದಲ್ಲೇ ಇರುತ್ತಲ್ಲ ಇದು."

ಎಣಿಕೆಯಣ್ಣನ ಪುಸ್ತಕಕ್ಕೆ ಮೊದಲ ಪುಟ ಇರಲಿಲ್ಲ. ಅದು ಆರನೇ ಪುಟದಿಂದ ಶುರುವಾಗುತ್ತಿತ್ತು.

"ಆದ್ರೆ ಅರವತ್ತೂ ಸರಿಯಾಗಿ ಹೋಯ್ತಲ್ಲಪ್ಪ."

"ಅದೃಷ್ಟ. ಅಜ್ಜನಿಗೆ ಮನೆ ಎಲ್ಲ ಗೊತ್ತು, ಅಂದಾಜಲ್ಲಿ ಕೊಟ್ಟು ಬಂದಿರ್ತಾನೆ. ಯಜಮಾನ್ರ ಕೋಟು ಯಾವ ಸರದೀಲಿ?"

"ಎರಡನೇದು."

"ಅದೃಷ್ಟದ ಮೇಲೆ ಯಜಮಾನ್ರ ಕೋಟು ಕಳಿಸ್ತೀರಾ?"

ಎಣಿಕೆಯಣ್ಣ ನಾಲ್ಕು ಸಲ ಯೋಚನೆ ಮಾಡಿದ, ಎಣಿಸಿಕೊಂಡೇ. ಓದಿದವನು ಹೇಳುತ್ತಿದ್ದಾನೆ, ಹೆಂಡತಿಯ ತಮ್ಮ ಬೇರೆ. ಒಂದನ್ನು ಅಳಿಸಿ ಸೊನ್ನೆ ಹಾಕಿದ. ಭಾವಮೈದುನ ಬೆನ್ನು ತಟ್ಟಿ, ಡಬ್ಬಿಯಿಂದ ಅರ್ಧ ಊಟ ತಾನೇ ಮುಗಿಸಿ ಹೋದ.

ಹನ್ನೊಂದಕ್ಕೆ ಎರಡನೇ ಸರದಿ ಹೊರಟಿತು. ಹನ್ನೆರಡೂವರೆಗೆ ಫೋನು ಬಡಿದುಕೊಂಡಿತು. ಒಬ್ಬ ಹೆಂಗಸಿನ ಧ್ವನಿ, ಬಹಳ ಸಮಾಧಾನದ್ದು.

"ಲಾಂಡ್ರಿನಾ? ನಾನು ಮೂವತ್ತನಾಲ್ಕನೇ ಮನೆಯವಳು. ನಮ್ಮ ಮನೇಲಿ ಇರೋದು ಇಬ್ಬರೇ."

"ಸರಿ ಅಮ್ಮ."

"ನಾವು ಕೊಟ್ಟಿದ್ದು ಎರಡು ಹೊದಿಕೆ. ಅದು ಬಂದಿಲ್ಲ. ಹತ್ತು ಗಂಟು ಬಂದಿದೆ. ಬಾಗಿಲು ತೆಗೆಯೋಕೆ ಆಗ್ತಿಲ್ಲ, ಕಿಟಕಿಯಿಂದ ಮಾತಾಡ್ತಿದೀನಿ. ಒಂದರಲ್ಲಿ ಪೊಲೀಸು ಬಟ್ಟೆ ಇದೆ. ನಮ್ಮೆಜಮಾನರು ಅದನ್ನ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದಾರೆ. ಬಿಚ್ಚು ಅಂದ್ರೆ ನನಗೇ ಗದರಿಸ್ತಾರೆ. ನಲವತ್ತು ವರ್ಷದಲ್ಲಿ ಮೊದಲನೇ ಸಲ."

ಫೋನು ಇಟ್ಟರೆ ಮತ್ತೆ ಬಡಿಯಿತು. ಇಪ್ಪತ್ತೊಂದನೇ ಮನೆಗೆ ಒಂಬತ್ತು ಗಂಟು. ಹನ್ನೆರಡನೇ ಮನೆಗೆ ಏಳು. ಅವರಲ್ಲಿ ಮಗುವೇ ಇಲ್ಲ, ಮೂವತ್ತಾರು ತೊಟ್ಟಿಲು ಬಟ್ಟೆ ಬಂದಿದೆ, ಅತ್ತೆ ಸೊಸೆಯ ಮುಖವನ್ನೇ ನೋಡುತ್ತಾ ಕೂತಿದ್ದಾರಂತೆ. ನಲವತ್ತರಿಂದ ಆಚೆಯ ಮನೆಗಳಿಗೆ ಒಂದು ಕರವಸ್ತ್ರವೂ ಇಲ್ಲ.

ಅಷ್ಟರಲ್ಲಿ ಗಾಡಿಯಜ್ಜ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಮಗಾ, ಸೊನ್ನೆ ನಂಬರಿನ ಮನೆ ಯಾರದು?"

"ಸೊನ್ನೆ ನಂಬರಿನ ಮನೆ ಎಲ್ಲಿದೆ ಅಜ್ಜ?"

"ಅದನ್ನೇ ನಾನೂ ಕೇಳಿದ್ದು. ಚೀಟೀಲಿ ಬರೀ ಸೊನ್ನೆ. ಮೂವತ್ತು ವರ್ಷ ಈ ಬಡಾವಣೆ ತಿರುಗಿದೀನಿ, ಆ ಮನೆ ನೋಡಿಲ್ಲ. ಆಮೇಲೆ ತಲೆ ಓಡಿಸಿದೆ. ಒಂದನೇ ಮನೆಗಿಂತ ಮುಂಚೆ ಏನಿದೆ? ನೀರಿನ ಪಂಪಿನ ಮನೆ. ಅಲ್ಲಿಟ್ಟು ಬಂದೆ. ಮೂರು ಗಂಟು."

ಎಣಿಕೆಯಣ್ಣನಿಗೆ ಕುರ್ಚಿಯ ಚಕ್ರಗಳು ತಾವಾಗಿಯೇ ಬಾಗಿಲ ಕಡೆ ಉರುಳಿದಂತಾಯಿತು. ಪಂಪಿನ ಮನೆಗೆ ಓಡಿದ. ಸೋರುವ ಪೈಪಿನ ಕೆಳಗೆ, ಎಣ್ಣೆ ಮೆತ್ತಿದ ನೆಲದ ಮೇಲೆ ಮೂರು ಗಂಟು ಕೂತಿದ್ದವು. ನಡುವಿನದ್ದು ಯಜಮಾನರ ಕರೀ ಕೋಟು. ಒಂದು ತೋಳು ಎಣ್ಣೆ ಕುಡಿದಿತ್ತು, ಇನ್ನೊಂದು ನೀರು ಕುಡಿದಿತ್ತು.

ಕೋಟನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ತೊಳೆಯಲು ಹಾಕಿದ. ಆಮೇಲೆ ಭಾವಮೈದುನನಿಗೆ ಫೋನು ಮಾಡಿದ.

"ಭಾಷೆ ತಪ್ಪು ಮಾಡಲ್ಲ ಭಾವ," ಅಂದ ಅವನು ಆ ಕಡೆಯಿಂದ, ಬಾಯಲ್ಲಿ ಏನೋ ಅಗಿಯುತ್ತಾ. "ಸೊನ್ನೆ ಅಂದ್ರೆ ಸೊನ್ನೆನೇ. ನಿಮಗೆ ಬರೋ ಸಾಲಲ್ಲೇ ಏನೋ ಐಬಿದೆ. ಬರೆಯೋರನ್ನ ಹೋಗಿ ನೋಡಿ."

ಸೊನ್ನೆ ಅಳಿಸಿ ಮತ್ತೆ ಒಂದು ಹಾಕಿದರೆ ಆಯಿತಲ್ಲ ಅಂತ ಎಣಿಕೆಯಣ್ಣನಿಗೂ ಅನ್ನಿಸಿತ್ತು. ಆದರೆ ಯಾಕೆ ಅಂತ ತಿಳಿಯದೆ ಕೈ ಹಾಕಿದ್ದಕ್ಕೇ ಈ ಗತಿ ಬಂತು, ಈ ಸಲ ತಿಳಿದುಕೊಂಡೇ ಮುಟ್ಟೋಣ ಅಂತ ದೊಡ್ಡಕ್ಕನ ಕೋಣೆಗೆ ಹೋಗಿ ಬಾಗಿಲಲ್ಲೇ ನಿಂತ.

ದೊಡ್ಡಕ್ಕ ಮಧ್ಯಾಹ್ನದ ಸರದಿಯ ಸಾಲುಗಳನ್ನು ಹೊಡೆಯುತ್ತಿದ್ದರು. ಲಾಂಡ್ರಿಯಲ್ಲಿ ಎಲ್ಲರಿಗಿಂತ ಹಳಬರು. ಬೆರಳುಗಳು ಕೋಳಿ ಕಾಳು ಹೆಕ್ಕಿದ ಹಾಗೆ ಓಡುತ್ತಿದ್ದವು. ಎಣಿಕೆಯಣ್ಣ ಎಣಿಸಿದ. ಮನೆ ನಂಬರಿಗೆ ಮೂರು ಏಟು ಬೀಳಬೇಕು. ನಾಲ್ಕು ಬಿತ್ತು. ಮುಂದಿನ ಸಾಲಿಗೂ ನಾಲ್ಕು. ಇನ್ನೊಮ್ಮೆ ನೋಡಿದ. ಪ್ರತಿ ಸಾಲು ಶುರುಮಾಡುವ ಮೊದಲು ದೊಡ್ಡಕ್ಕನ ಹೆಬ್ಬೆರಳು ಕೆಳಗಿನ ಉದ್ದನೆಯ ಕೀಯನ್ನು ಒಂದು ಸಲ ಮೆಲ್ಲಗೆ ತಟ್ಟುತ್ತಿತ್ತು. ಪರದೆಯ ಮೇಲೆ ಏನೂ ಕಾಣುತ್ತಿರಲಿಲ್ಲ. ಖಾಲಿ ಜಾಗ ಎಲ್ಲಿ ಕಾಣುತ್ತದೆ?

"ಅಕ್ಕ, ಮೊದಲು ಆ ಉದ್ದದ ಕೀ ಯಾಕೆ ತಟ್ಟೋದು?"

"ಯಾವುದು?"

"ಅದೇ, ಈಗ ತಟ್ಟಿದ್ರಲ್ಲ."

ದೊಡ್ಡಕ್ಕ ತಮ್ಮ ಹೆಬ್ಬೆರಳನ್ನು ಬೇರೆ ಯಾರದೋ ಬೆರಳಿನ ಹಾಗೆ ನೋಡಿದರು. "ಅಯ್ಯೋ, ಇದಾ. ಟೈಪಿಂಗ್ ಮಿಷನ್ ಕಾಲದ್ದು ಕಣಪ್ಪ. ಅಂಚಿಗೇ ಹೊಡೆದ್ರೆ ಕಾಗದ ಹರಿದುಹೋಗ್ತಿತ್ತು. ಒಂದು ಹೆಜ್ಜೆ ಒಳಗಿಂದ ಶುರು ಮಾಡಮ್ಮ ಅಂತ ನಮ್ಮ ಟೈಪಿಂಗ್ ಮೇಷ್ಟ್ರು ಕೈಮೇಲೆ ಹೊಡೆದು ಕಲಿಸಿದ್ರು. ಬೆರಳಿಗೆ ಅಂಟಿಬಿಟ್ಟಿದೆ."

ಎಣಿಕೆಯಣ್ಣನ ತಲೆಯೊಳಗೆ ದೀಪ ಹತ್ತಿತು. ಮಿಷನ್ನು ಆ ಖಾಲಿಯನ್ನೂ ಒಂದು ಅಕ್ಷರ ಅಂತ ಲೆಕ್ಕ ಹಿಡಿದು ಅದಕ್ಕೆ ಸೊನ್ನೆಯ ಜಾಗ ಕೊಟ್ಟಿತ್ತು. ಮನೆ ನಂಬರು ಒಂದರಿಂದಲೇ ಶುರುವಾಗುತ್ತಿತ್ತು. ಸೊನ್ನೆಯಿಂದ ಮೂರು ಕತ್ತರಿಸಿದಾಗ ಖಾಲಿ ಒಂದು, ಅಂಕಿ ಎರಡು ಬಂದು, ಮುನ್ನೂರ ನಲವತ್ತರಿಂದ ಮುನ್ನೂರ ನಲವತ್ತೊಂಬತ್ತರವರೆಗಿನ ಹತ್ತೂ ಮನೆ ಸೇರಿ ಮೂವತ್ತನಾಲ್ಕು ಆಗಿತ್ತು. 005 ಬರೀ ಸೊನ್ನೆಯಾಗಿತ್ತು. ಏನೂ ತಿಳಿಯದೆ ಬರೆದಾಗ ಅವನು ಬರೆದದ್ದು ಸರಿಯಾಗಿಯೇ ಇತ್ತು.

"ಯಾಕಪ್ಪ, ಈ ಗಲಾಟೆ ಎಲ್ಲ ನನ್ನಿಂದಾನಾ?" ದೊಡ್ಡಕ್ಕನ ಮುಖ ಸಣ್ಣದಾಯಿತು.

"ಇಲ್ಲ ಅಕ್ಕ, ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಪಾಡಿಗೆ ನೀವು ಹೊಡೀರಿ. ನನ್ನ ಕಡೆ ನಾನು ಸರಿಮಾಡ್ಕೋತೀನಿ."

ಓಡಿಹೋಗಿ ಸೊನ್ನೆ ಅಳಿಸಿ ಒಂದು ಹಾಕಿದ. ಈಗ ಯಾಕೆ ಅಂತಲೂ ಗೊತ್ತಿತ್ತು. ಹಾಗಾಗಿ ಧೈರ್ಯ ಎರಡರಷ್ಟಾಗಿತ್ತು.

ತೊಳೆದ ಕೋಟು ಒಣಗಿ ಬಂದಾಗ ಮೂರು ಗಂಟೆ. ಅದನ್ನು ಬೇರೆಯವರ ಕೈಗೆ ಕೊಡಲು ಅವನಿಗೆ ಮನಸ್ಸು ಬರಲಿಲ್ಲ. ಕೆಳಗಿನ ಇಸ್ತ್ರಿ ಕೋಣೆಗೆ ಇಳಿದು, ತನ್ನ ಹಳೆಯ ಹಲಗೆಯ ಮುಂದೆ ನಿಂತು, ಹಬೆ ಬಿಟ್ಟ. ಇಪ್ಪತ್ತೆರಡು ವರ್ಷದ ಕೈ. ಕಾಲರು ಗರಿ ಬಿಚ್ಚಿದ ಹಾಗೆ ಎದ್ದು ನಿಂತಿತು, ತೋಳಿನ ಗೆರೆ ಚಾಕುವಿನ ಹಾಗೆ ಬಿತ್ತು. ಅಷ್ಟು ಚೆನ್ನಾಗಿ ಅವನು ತನ್ನ ಮದುವೆಯ ಅಂಗಿಗೂ ಇಸ್ತ್ರಿ ಹಾಕಿರಲಿಲ್ಲ. ಇದೇ ಕೊನೇ ಇಸ್ತ್ರಿ ಅಂತ ಹಲಗೆಯನ್ನು ಒಮ್ಮೆ ಸವರಿ, ಕೋಟಿಗೆ ಕಂದು ಕಾಗದ ಸುತ್ತಿಸಿ, ದೊಡ್ಡಕ್ಕನಿಗೆ ಹೇಳಿಕಳಿಸಿ ಅದಕ್ಕೊಂದು ಸಾಲು ಸೇರಿಸಿ, ಮೂರನೇ ಸರದಿಯ ಮೊದಲ ಗಂಟಾಗಿ ಇಡಿಸಿ, ಮೇಲೆ ಹೋದ.

ಮೇಲೆ ಫೋನು ಹಸಿದ ಮಗುವಿನ ಹಾಗೆ ಅರಚುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು ಸಮಾಧಾನ ಹೇಳುತ್ತಾ, ಸರಿಯಾಗಿ ನಾಲ್ಕಕ್ಕೆ ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದ. ಕೆಳಗೆ ಚೀಟಿ ಬಂದ ಸದ್ದು ಕೇಳಿತು, ಗಾಡಿ ಹೊರಟ ಸದ್ದೂ ಕೇಳಿತು. ಮೂವತ್ತನಾಲ್ಕನೇ ಮನೆಯ ಅಮ್ಮ, ತಮ್ಮ ಯಜಮಾನರು ಪೊಲೀಸು ಬಟ್ಟೆಯಲ್ಲೇ ತರಕಾರಿ ತರಲು ಹೋದದ್ದನ್ನೂ, ತರಕಾರಿಯವನು ಇವತ್ತು ತೂಕ ಜಾಸ್ತಿ ಹಾಕಿದ್ದನ್ನೂ ಹೇಳುತ್ತಿದ್ದರು. ಬಟ್ಟೆ ಇನ್ನು ಎರಡು ದಿನ ಬಿಟ್ಟು ವಾಪಸು ಕೊಟ್ಟರೆ ನಡೆಯುತ್ತದಾ ಅಂತ ಕೇಳಿದರು.

ನಾಲ್ಕೂಕಾಲಿಗೆ ದೊಡ್ಡಕ್ಕ ಮೇಲೆ ಬಂದರು. ಮುಖದಲ್ಲಿ ನಗು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಒಂದು ಕೆಲಸ ಮಾಡಿದೀನಿ. ಬೈಬಾರದು."

"ಏನಕ್ಕ?"

"ನೀನು ಒಳ್ಳೆಯವನು, ಬಾಯಿಬಿಟ್ಟು ಹೇಳಲಿಲ್ಲ. ಆದ್ರೆ ನನಗೆ ಗೊತ್ತಾಗಲ್ವಾ? ನನ್ನ ಹಳೇ ಚಟದಿಂದ ನಿನ್ನ ಕುರ್ಚಿ ಹೋಗಬಾರದು. ಮೂರನೇ ಸರದಿಯ ಎಪ್ಪತ್ತು ಸಾಲಿನಲ್ಲೂ ಆ ಖಾಲಿ ಜಾಗ ಒಂದೊಂದಾಗಿ ಅಳಿಸಿಬಿಟ್ಟೆ. ಊಟಕ್ಕೂ ಏಳಲಿಲ್ಲ. ಇನ್ನು ಜನ್ಮದಲ್ಲಿ ಆ ಕೀ ಮುಟ್ಟಲ್ಲ."

ಎಣಿಕೆಯಣ್ಣ ಪರದೆಯ ಕಡೆ ತಿರುಗಿದ.

ಖಾಲಿ ಹೋದ ಮೇಲೆ ಮನೆ ನಂಬರು ಸೊನ್ನೆಯ ಜಾಗಕ್ಕೆ ಸರಿದಿತ್ತು. ಅವನ ಕತ್ತರಿ ಮಾತ್ರ ಒಂದರ ಮೇಲೇ ಕೂತಿತ್ತು. ಮೊದಲನೇ ಅಂಕಿ ಉದುರಿಹೋಗಿ, ಪಕ್ಕಕ್ಕೆ ಅಂಟಿಕೊಂಡ ತಾರೀಖಿನ ತಲೆ ಒಳಗೆ ಬಂದಿರಬೇಕು. ಅವತ್ತು ತಾರೀಖು ಹದಿನಾಲ್ಕು. ಬೆರಳು ಮಡಚಿ ಲೆಕ್ಕ ಹಾಕಿದ. 005 ಆದ ಮೇಲೆ 14. ಮೊದಲ ಸೊನ್ನೆ ಬಿಟ್ಟು ಮೂರು. 051.

ಐವತ್ತೊಂದನೇ ಮನೆ ಕೊಡೆ ಅಂಗಡಿಯವರದ್ದು.

ಅವನು ಮೆಟ್ಟಿಲು ಎಣಿಸದೆ ಇಳಿದದ್ದು ಅವತ್ತೇ ಮೊದಲು. ಬೀದಿಯಲ್ಲಿ ಗಾಡಿಯಜ್ಜ ಎದುರಾದ.

"ನಾನೂರ ಇಪ್ಪತ್ತೊಂದನೇ ಮನೆ ಎಲ್ಲಿ ಬರುತ್ತೆ ಮಗಾ? ನಾನೂರಕ್ಕೇ ಬಡಾವಣೆ ಮುಗೀತಲ್ಲ. ಇನ್ನೂ ಕಟ್ಟಬೇಕಾ?"

"ಐವತ್ತೊಂದಕ್ಕೆ ಕೊಟ್ಟಾಯ್ತಾ ಅಜ್ಜ?"

"ಅದೇ ಮೊದಲು ಕೊಟ್ಟಿದ್ದು. ಅವರು ಕಾಗದ ಬಿಚ್ಚಿ ನೋಡಿ, ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡರಪ್ಪ. ಬಟ್ಟೆ ನೋಡಿ ಅತ್ತವರನ್ನ ನಾನು ಕಂಡಿರಲಿಲ್ಲ."

ಐವತ್ತೊಂದನೇ ಮನೆಗೆ ಬೀಗ ಬಿದ್ದಿತ್ತು. ಎಣಿಕೆಯಣ್ಣ ಸಂಘದ ಸಭಾಂಗಣಕ್ಕೆ ಓಡಿದ. ಎದೆಯ ಬಾಗಿಲು ಮತ್ತೆ ಕಿರುಗುಟ್ಟತೊಡಗಿತ್ತು. ಒಳಗೆ ಜನ ತುಂಬಿದ್ದರು. ವೇದಿಕೆಯ ಮೇಲೆ ಯಜಮಾನರು ಬರೀ ಅಂಗಿಯಲ್ಲಿ, ತೋಳು ಮಡಚಿಕೊಂಡು, ಮುಖ ಕೆಂಡ ಮಾಡಿಕೊಂಡು ಕೂತಿದ್ದರು. ಎಣಿಕೆಯಣ್ಣನನ್ನು ಕಂಡೊಡನೆ ಬೆರಳಿನಲ್ಲಿ ಬಾ ಅಂದರು. ಅವನು ವೇದಿಕೆಯ ಪಕ್ಕಕ್ಕೆ ಹೋಗಿ ಅಪರಾಧಿಯ ಹಾಗೆ ನಿಂತ. ಯಾಕೋ ಅಲ್ಲಿ ಮೊದಲೇ ಭಾವಮೈದುನ ನಿಂತಿದ್ದ. ಮೈಕು ರಿಪೇರಿಗೆ ಕರೆದಿದ್ದರಂತೆ.

ಅಷ್ಟರಲ್ಲಿ ಬಾಗಿಲಲ್ಲಿ ಕೊಡೆ ಅಂಗಡಿಯವರು ಬಂದರು, ಮೈಮೇಲೆ ಕರೀ ಕೋಟು. ಹೇಳಬಾರದು, ಯಜಮಾನರಿಗಿಂತ ಅವರಿಗೇ ಚೆನ್ನಾಗಿ ಒಪ್ಪಿತ್ತು. ಸಭೆಯೆಲ್ಲ ಅತ್ತ ಕತ್ತು ತಿರುಗಿಸಿತು. ಅವರು ನೆಟ್ಟಗೆ ವೇದಿಕೆಗೆ ಹತ್ತಿ ಬಂದು ಯಜಮಾನರ ಎರಡೂ ಕೈ ಹಿಡಿದುಕೊಂಡರು.

"ನಾನು ಅರ್ಜಿ ಕೊಟ್ಟೋನು. ನೀವು ಕೋಟು ಕೊಟ್ಟು ಕರೆಸಿಕೊಂಡ್ರಿ. ಅದೂ ನಿಮ್ಮ ಮೈಮೇಲಿನ ಕೋಟು, ಒಳಗೆ ನಿಮ್ಮ ಹೆಸರಿನ ಅಕ್ಷರ ಹೊಲಿದಿದೆ. ನೀವು ಬರೀ ಅಂಗೀಲಿ ಕೂತು, ನನಗೆ ಮರ್ಯಾದೆ ಮಾಡಿದ್ರಿ. ನನ್ನ ಅರ್ಜಿ ವಾಪಸ್ಸು ತಗೊಂಡೆ. ಮರು ಎಣಿಕೆ ಬೇಡ, ಏನೂ ಬೇಡ."

ಯಜಮಾನರು ವ್ಯಾಪಾರಸ್ಥರು. ಒಂದು ಕ್ಷಣ ಕಣ್ಣು ಪಿಳಿಪಿಳಿ ಮಾಡಿದರು, ಮರುಕ್ಷಣ ಅಪ್ಪಿಕೊಂಡರು. ಚಪ್ಪಾಳೆ ಬಿತ್ತು. ಎಣಿಕೆಯಣ್ಣನಿಗೆ ಹೋದ ಜೀವ ಬಂತು. ಕಿಟಕಿ, ಫ್ಯಾನು, ಚಕ್ರದ ಕುರ್ಚಿ ಮತ್ತೆ ಕಣ್ಣಮುಂದೆ ಬಂದವು.

ಕೊಡೆ ಅಂಗಡಿಯವರು ತೋಳಿನ ಗೆರೆಯನ್ನು ಬೆರಳಲ್ಲಿ ಸವರುತ್ತಾ ಕೇಳಿದರು, "ಈ ಇಸ್ತ್ರಿ ಮಾಡಿದ ಕೈ ಯಾರದು? ನನ್ನ ಆಯುಸ್ಸಲ್ಲಿ ಇಂಥದ್ದು ನೋಡಿಲ್ಲ. ಇನ್ಮೇಲೆ ನಮ್ಮ ಮನೆ ಬಟ್ಟೆ ಎಲ್ಲ ನಿಮ್ಮಲ್ಲಿಗೇ. ಆದ್ರೆ ಈ ಕೈಯೇ ಮುಟ್ಟಬೇಕು."

"ಇವನದೇ," ಅಂದರು ಯಜಮಾನರು, ಎಣಿಕೆಯಣ್ಣನ ಭುಜದ ಮೇಲೆ ಕೈಯಿಟ್ಟು. "ಇಂಥ ಕೈಯನ್ನ ಕುರ್ಚೀಲಿ ಕೂರಿಸಿ ಹಾಳುಮಾಡೋಕೆ ಹೊರಟಿದ್ದೆ ನೋಡಿ. ಇವನ ಜಾಗ ಇಸ್ತ್ರಿ ಹಲಗೆ. ನಾಳೆಯಿಂದ ದಿನಕ್ಕೆ ನೂರು ಅಂಗಿ, ಎಲ್ಲ ಇವನ ಕೈಯಲ್ಲೇ."

"ಯಜಮಾನ್ರೇ, ಆ ಮೇಲಿನ ಕುರ್ಚಿ..." ಅಂದ ಎಣಿಕೆಯಣ್ಣ ಮೆಲ್ಲಗೆ.

"ಅದಕ್ಕೇನು ಚಿಂತೆ ಮಾಡಬೇಡ. ನಿನ್ನ ಭಾವಮೈದುನ ಈಗಷ್ಟೇ ಹೇಳಿದ. ಸೊನ್ನೆಯಿಂದ ಎಣಿಸಿ ಅಂತ ಬೆಳಿಗ್ಗೆನೇ ಹೇಳಿದ್ದನಂತೆ, ನೀನು ಮತ್ತೆ ಒಂದು ಹಾಕಿದೆಯಂತೆ. ನಾಳೆಯಿಂದ ಅವನೇ ಕೂತ್ಕೋತಾನೆ."

ಮರುದಿನ ಭಾವಮೈದುನ ಚಕ್ರದ ಕುರ್ಚಿಯಲ್ಲಿ ಕೂತು, ಒಂದನ್ನು ಅಳಿಸಿ ಸೊನ್ನೆ ಹಾಕಿದ. ದೊಡ್ಡಕ್ಕ ಮಾತಿಗೆ ತಪ್ಪಲಿಲ್ಲ, ಆ ಉದ್ದದ ಕೀಯನ್ನು ಮುಟ್ಟಲಿಲ್ಲ. ನಾನೂರು ಮನೆಗೂ ಬಟ್ಟೆ ನೆಟ್ಟಗೆ ಹೋಯಿತು. ಪೊಲೀಸು ಬಟ್ಟೆಯೊಂದು ಮಾತ್ರ ಮೂವತ್ತನಾಲ್ಕನೇ ಮನೆಯಿಂದ ಹೊರಡಲು ಇನ್ನೂ ಎರಡು ದಿನ ತೆಗೆದುಕೊಂಡಿತು.

ಕೆಳಗೆ ಎಣಿಕೆಯಣ್ಣ ಹಬೆಯ ನಡುವೆ ನಿಂತಿದ್ದ. ಸೊನ್ನೆಯ ಸಹವಾಸ ಅವನನ್ನು ಬಿಡಲಿಲ್ಲ. ಮೊದಲ ಅಂಗಿಗೆ ಸೊನ್ನೆ ಅಂತ, ಎರಡನೆಯದಕ್ಕೆ ಒಂದು ಅಂತ ಎಣಿಸುತ್ತಾ ಹೋದ. ಬಾಯಿ ನೂರು ಅನ್ನುವ ಹೊತ್ತಿಗೆ ಕೈ ನೂರ ಒಂದು ಅಂಗಿ ಮುಗಿಸಿತ್ತು. ಕಟ್ಟುವ ಕೋಣೆಯ ಹೆಂಗಸರು ಮಾತ್ರ ಒಂದರಿಂದಲೇ ಎಣಿಸಿಕೊಂಡು, ಹೆಚ್ಚಿಗೆ ಬಂದ ಆ ಒಂದು ಅಂಗಿಯನ್ನು ದಿನಾ ಅವನಿಗೆ ಹೇಳದೆ ಸುಮ್ಮನೆ ಎತ್ತಿಡುತ್ತಿದ್ದರು.